ತಾತನ ಸೀಟಿನ ಕಡಲೆಕಾಯಿ

"ಎಂಜಿನ್ ಹೋಯ್ತು ಸಾರ್. ಬೇರೆ ಎಂಜಿನ್ ಹಾಕ್ಸಿ, ಇಲ್ಲಾಂದ್ರೆ ಗುಜರಿಗೆ ಕೊಟ್ಬುಡಿ," ಅಂದ ಜೂಜುವಾಡಿಯಿಂದ ಬಂದಿದ್ದ ಮೆಕ್ಯಾನಿಕ್. ಅವನು ಕೀ ತಿರುಗಿಸಿ ನೋಡಿದ್ದಷ್ಟೇ. ಬಾನೆಟ್ ಕೂಡ ಎತ್ತಿರಲಿಲ್ಲ ಪುಣ್ಯಾತ್ಮ.

ದಿವ್ಯಳಿಗೆ ಅಳು ಬಂತು. ಅದು ತಾತನ ಕಾರು. ತಾತ ತೀರಿಕೊಂಡ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಮೊದಲೆಲ್ಲ ಸಂಜೆ ತಾತ ತಳಿ ಪೇಟೆಯಿಂದ ಬರುವಾಗ ಅದರ ಗಡಗಡ ಸದ್ದು ತಿರುವಿನಲ್ಲೇ ಕೇಳಿಸುತ್ತಿತ್ತು. ದಿವ್ಯ ಹೋಂವರ್ಕ್ ಬಿಟ್ಟು ಹೊರಗೆ ಓಡುತ್ತಿದ್ದಳು. ಆ ಸದ್ದು ಇನ್ನೊಂದು ಸಲ, ಒಂದೇ ಒಂದು ಸಲ ಕೇಳಿಸಬಾರದಾ ಅಂತ ಅವಳಿಗೆ ದಿನಾ ಅನ್ನಿಸುತ್ತಿತ್ತು.

ಅಪ್ಪನಿಗೂ ಗುಜರಿ ಮಾತು ಹಿಡಿಸಲಿಲ್ಲ. ನಂಬಿಕಸ್ಥ ಮೆಕ್ಯಾನಿಕ್ ಯಾರಿದ್ದಾರೆ ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಕೊನೆಗೆ ಹಾಲಿನ ವ್ಯಾನ್ ಡ್ರೈವರು, "ಗುಮ್ಮಳಾಪುರದ ಯುವರಾಜನನ್ನು ಕರೆಸಿ. ಮನೆಯವರು ಪಕ್ಕದಲ್ಲಿ ನಿಂತರೇನೇ ಅವನು ಗಾಡಿಗೆ ಕೈ ಹಾಕೋದು," ಅಂದ.

ಯುವರಾಜ್ ಭಾನುವಾರ ಬಂದ. ಅಪ್ಪನನ್ನು ಒಂದು ಕಡೆ ನಿಲ್ಲಿಸಿದ. ದಿವ್ಯಳ ಕೈಗೆ ಟಾರ್ಚ್ ಕೊಟ್ಟ. ಬಾನೆಟ್ ಎತ್ತಿ ಒಂದೊಂದೇ ಬಿಚ್ಚುತ್ತಾ ಹೋದ. ನೋಡಿದರೆ ಒಳಗೆ ಇಲಿ ಗೂಡು! ವೈರುಗಳನ್ನೆಲ್ಲ ಕಡಿದು ಹಾಕಿದ್ದವು. ಗೂಡಿನ ತುಂಬ ಕಡಲೆಕಾಯಿ ಸಿಪ್ಪೆ.

"ಕಾರಲ್ಲಿ ಕಡ್ಲೇಕಾಯಿ ತಿನ್ನೋರು ಯಾರು ಪಾಪಾ?" ಅಂತ ಕೇಳಿದ.

ದಿವ್ಯ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು.

ತಾತ ಕಡಲೆಕಾಯಿ ತಿನ್ನದೆ ಕಾರು ಓಡಿಸಿದವರೇ ಅಲ್ಲ. ಅದಕ್ಕೇ ಅಜ್ಜಿ ಪ್ರತಿ ಅಮಾವಾಸ್ಯೆ ತಾತನಿಗೆ ಎಡೆ ಇಟ್ಟಾಗ, ಒಂದು ಹಿಡಿ ಕಡಲೆಕಾಯಿಯನ್ನು ಕಾರಿನಲ್ಲಿ ತಾತನ ಸೀಟಿನ ಮೇಲೂ ಇಡುತ್ತಿದ್ದರು. ಬೆಳಿಗ್ಗೆ ನೋಡಿದರೆ ಖಾಲಿ. ನಿಮ್ಮ ತಾತ ಬಂದಿದ್ರು ಕಣೇ ಅಂತ ಅಜ್ಜಿ ಅವತ್ತೆಲ್ಲ ಖುಷಿಯಾಗಿರುತ್ತಿದ್ದರು. ಅಪ್ಪ ಅದನ್ನೆಲ್ಲ ಯುವರಾಜನಿಗೆ ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಅಜ್ಜಿಯೇ ಕಾಫಿ ತಂದರು. ಯುವರಾಜನ ಅಂಗೈಯಲ್ಲಿದ್ದ ಸಿಪ್ಪೆ ನೋಡಿದರು.

"ಇಲಿ ತಿಂತಿದ್ವಾ?"

"ಹೂಂ ಅಮ್ಮ, ಇಲೀನೇ," ಅಂದ ಯುವರಾಜ್. "ಎಂಜಿನ್ ಚೆನ್ನಾಗೈತೆ. ವೈರಿಂಗ್ ಪೂರ್ತಿ ಹೊಸದಾಗಿ ಹಾಕ್ಬೇಕು. ಯಜಮಾನ್ರಿಗೆ ಇಡೋದ್ನ ಬಿಡ್ಬ್ಯಾಡಿ. ಕಾರಲ್ಲಿ ಬ್ಯಾಡ, ಕಾಂಪೌಂಡ್ ಗೋಡೆ ಮ್ಯಾಲಿಡಿ, ಕಾಗೆ ತಿಂತವೆ."

ಅಜ್ಜಿ ಕಾಫಿ ಕೆಳಗಿಟ್ಟು ಒಳಗೆ ಹೋದರು. ದಿವ್ಯಳಿಗೆ ಯುವರಾಜನ ಮೇಲೆ ಕೆಟ್ಟ ಕೋಪ ಬಂತು. ಇಲಿಗಳು ಚಳಿಗೆ ಬಂದವು ಅಂತ ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕೆಲಸ ಇನ್ನೊಂದು ಭಾನುವಾರಕ್ಕೆ ಮುಗಿಯಿತು. ಯುವರಾಜ್ ಹಳೇ ವೈರುಗಳನ್ನೆಲ್ಲ ಚೀಲಕ್ಕೆ ತುಂಬಿ ಅಪ್ಪನ ಕೈಗೇ ಕೊಟ್ಟ.

ಸಂಜೆ ದಿವ್ಯ ಒಳಗೆ ಲೆಕ್ಕ ಮಾಡುತ್ತಿದ್ದಳು. ತಿರುವಿನಲ್ಲಿ ಗಡಗಡ ಸದ್ದು ಕೇಳಿಸಿತು. ಪೆನ್ಸಿಲ್ ಬಿಸಾಕಿ ಎದ್ದು ಓಡಿದಳು. ಅಡಿಗೆಮನೆಯಿಂದ ಅಜ್ಜಿಯೂ ಓಡಿಬಂದರು. ಕೈಯಲ್ಲಿ ರಾಗಿ ಹಿಟ್ಟು ಹಾಗೇ ಇತ್ತು. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದುಕೊಂಡರು.

ಕಾರು ಬಂದು ನಿಂತಿತು. ಅಪ್ಪ ಇಳಿದರು.

"ಕುಮಾರೇಶ, ನೀನೇನ್ಲಾ," ಅಂದರು ಅಜ್ಜಿ ಮಗನನ್ನು ನೋಡಿ, ಮೆಲ್ಲಗೆ.

ದಿವ್ಯ ಅಜ್ಜಿಯ ಹಿಟ್ಟಿನ ಕೈ ಹಿಡಿದುಕೊಂಡಳು. ಅಜ್ಜಿ ಯಾರನ್ನು ನೋಡೋಕೆ ಓಡಿಬಂದರು ಅಂತ ಅವಳು ಕೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ಗೋಡೆ ಮೇಲೆ ಕಡಲೆಕಾಯಿ ಇಟ್ಟವಳು ದಿವ್ಯ.