ಅವಳ ಪಟ್ಟಿಯಲ್ಲೊಂದು ಬೆಳ್ಳಿ ಮೀನು

"ಇದನ್ನ ನೇಯುವಾಗ ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು, ಹೈಕಲ್?"

ದುರ್ರಾ ಪಟ್ಟಿಯನ್ನು ಮಗ್ಗದ ಮೇಲೆ ಬಿಸಾಡಿದಳು. ಮಹ್ದಿಯಾ ಪೇಟೆಯ ಆ ಇಕ್ಕಟ್ಟಾದ ಅಂಗಡಿಯಲ್ಲಿ ಲಾಳಿಯ ಸದ್ದು ಥಟ್ಟನೆ ನಿಂತಿತು.

"ಏನಾಯ್ತು, ಎಂಜಿನಿಯರಮ್ಮ?" ನೇಕಾರ ಹೈಕಲ್ ಗಾಬರಿಯಿಂದ ಎದ್ದ.

"ಏನಾಯ್ತಾ! ಬೆಳಿಗ್ಗೆ ಕಟ್ಕೊಂಡು ನೋಡ್ದೆ. ನಾನು ಒಂದು ಸಲ ಉಸಿರಾಡಿದ್ರೆ ಯಂತ್ರ ನಾಲ್ಕು ಅನ್ನುತ್ತೆ. ಉಸಿರು ಬಿಗಿಹಿಡಿದ್ರೂ ಎಣಿಸ್ತಾನೇ ಇದೆ! ಮೂರು ಗಂಟೆಗೆ ಡಾಕ್ಟರುಗಳು ಬರ್ತಾರೆ... ಅವರಿಗೆ ಏನು ತೋರಿಸ್ಲಿ?"

ದಿನ ತುಂಬದೆ ಹುಟ್ಟಿದ ಕೂಸುಗಳ ಎದೆಗೆ ಸುತ್ತುವ ಪಟ್ಟಿಯ ಮಾದರಿ ಅದು. ಹೈಕಲ್ ನೇಯ್ದ ಮೂರರಲ್ಲಿ ಎರಡು ಕೂಸುಗಳ ಅಳತೆಯವು, ಇದೊಂದು ದುರ್ರಾಳ ಅಳತೆಯದು. ಉಸಿರಿಗೆ ತಕ್ಕಂತೆ ಬಟ್ಟೆ ಹಿಗ್ಗಿ ಕುಗ್ಗಿದರೆ ಅದರೊಳಗಿನ ಎರಡು ಬೆಳ್ಳಿ ಎಳೆಗಳು ಯಂತ್ರಕ್ಕೆ ಸುದ್ದಿ ಮುಟ್ಟಿಸಬೇಕು. ಕೂಸು ಉಸಿರಾಡುವುದನ್ನು ಮರೆತರೆ ಗಂಟೆ ಹೊಡೆಯಬೇಕು. ಅಂಟು ಹಚ್ಚಿ ತಂತಿ ಕೂರಿಸಿದರೆ ಆ ಎಳೆಯ ಚರ್ಮವೇ ಕಿತ್ತು ಬರುತ್ತದೆ. ಮದುವೆಯ ರೇಷ್ಮೆಗೆ ಬೆಳ್ಳಿ ನೇಯುವ ಕೈಯೇ ಬೇಕೆಂದು ದುರ್ರಾ ಏಳು ತಿಂಗಳಿಂದ ಮೊನಾಸ್ತಿರ್‌ನ ಪ್ರಯೋಗಾಲಯದಿಂದ ಇಲ್ಲಿಗೆ ಎಡತಾಕುತ್ತಿದ್ದಳು. ಇಂದು ಡಾಕ್ಟರುಗಳು ಒಪ್ಪದಿದ್ದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಅವಳು ಪಟ್ಟಿಯ ಒಳಮೈ ತಿರುವಿದಳು. ಎರಡು ಎಳೆಗಳ ನಡುವೆ, ಎರಡಕ್ಕೂ ತಾಗಿಕೊಂಡು, ಉಗುರಿನಷ್ಟಗಲದ ಬೆಳ್ಳಿ ಮೀನು!

"ಎಳೆಗೆ ಎಳೆ ತಾಗಬಾರ್ದು ಅಂತ ನೂರು ಸಲ ಬಡ್ಕೊಂಡಿದ್ದೆ. ಚಿತ್ತಾರ ಬಿಡಿಸೋಕೆ ಇದೇನು ಮದುವಣಗಿತ್ತಿ ಉಡುಪಾ?"

"ದೃಷ್ಟಿ ತಾಗ್ಬಾರ್ದು ಅಂತ..."

"ಯಾರಿಗೆ?"

ಹೈಕಲ್ ನೆಲ ನೋಡಿದ. "ತಪ್ಪಾಯ್ತು," ಎಂದನಷ್ಟೇ.

ಆ ಜಾರಿಕೆಯ ಮಾತು ಅವಳನ್ನು ಇನ್ನಷ್ಟು ಕೆರಳಿಸಿತು. 'ನನ್ನ ಕೆಲಸ ಇವನಿಗೆ ಆಟವೇ? ಇವನ ಮಗ್ಗದ ಪಕ್ಕ ಕೂರಲೆಂದೇ ಇಲ್ಲದ ನೆಪ ಹುಡುಕಿ ಬರುತ್ತಿದ್ದೆನಲ್ಲ, ನನಗೆ ಹುಚ್ಚು!'

"ಇನ್ನು ನಿಮಗೂ ನನಗೂ ಕೆಲಸ ಇಲ್ಲ," ಎಂದು ಹೊರಬಿದ್ದಳು. ಕೋಪ ಬಂದರೆ ದುರ್ರಾಗೆ ಹಿಂದುಮುಂದು ಕಾಣದು.

ಓಣಿಯ ತಿರುವಿನಲ್ಲಿ ಹೈಕಲ್‌ನ ತಾಯಿ ಜಕಿಯಾ ಬಿಸಿ ರೊಟ್ಟಿ ಹಿಡಿದು ಎದುರಾದಳು.

"ಅಯ್ಯೋ ಮಗಳೇ, ಮುಖ ಯಾಕೆ ಹೀಗೆ ಊದಿದೆ?"

"ನಿಮ್ಮ ಮಗ ಪಟ್ಟೀಲಿ ಮೀನು ನೇಯ್ದಿದ್ದಾನಮ್ಮ. ಮೂರು ಪಟ್ಟೀನೂ ಹಾಳು!"

"ಮೂರೆಲ್ಲಿಂದ ಬಂತು? ಮಕ್ಕಳದ್ದನ್ನ ನೀ ಹೇಳ್ದಂಗೇ ನೇಯ್ದ, ನನಗೆ ಮುಟ್ಟೋಕೂ ಬಿಡ್ಲಿಲ್ಲ. ಮೀನು ನಿನ್ನ ಅಳತೇದಕ್ಕೆ ಮಾತ್ರ. 'ಹೊಸದನ್ನೆಲ್ಲ ಮೊದ್ಲು ತನ್ನ ಮೈಮೇಲೆ ಪರೀಕ್ಷೆ ಮಾಡ್ಕೊತಾಳಮ್ಮ, ಅವಳಿಗೇನಾದ್ರೂ ಆದ್ರೆ?' ಅಂತ ಒದ್ದಾಡ್ತಿದ್ದ. ನಮ್ಮ ಗಂಡಸರು ಊರಿಗೆಲ್ಲ ನೇಯ್ತಾರೆ ಕಣೇ. ಮೀನು ಮಾತ್ರ ಮನೆಯವರಿಗೆ."

ದುರ್ರಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚಿದಳು. ಅಂಗೈಯುದ್ದದ ಎರಡು ಪುಟ್ಟ ಪಟ್ಟಿಗಳು... ಒಂದು ಕೆಟ್ಟಿದ್ದಕ್ಕೆ ಇವನ್ನು ಮುಟ್ಟಿಯೂ ನೋಡಿರಲಿಲ್ಲ! ಜೊತೆಗಿದ್ದ ಯಂತ್ರಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದು ಬಿಟ್ಟಳು. ಒಂದು. ಮತ್ತೆ ಎಳೆದಳು. ಎರಡು. ಕೈ ನಿಲ್ಲಿಸಿದಳು. ಗಂಟೆ ಹೊಡೆಯಿತು!

ಮೂರು ಗಂಟೆಗೆ ಪ್ರಯೋಗಾಲಯದಲ್ಲಿ ಡಾಕ್ಟರುಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ನಿಜ. ಮನಸ್ಸು ಮಾತ್ರ ಮಹ್ದಿಯಾದಲ್ಲೇ ಚಡಪಡಿಸುತ್ತಿತ್ತು. ಅವರು ಎದ್ದದ್ದೇ ತಡ, ಸಿಕ್ಕ ಟ್ಯಾಕ್ಸಿ ಹತ್ತಿದಳು.

ಹೈಕಲ್ ಮಗ್ಗದಿಂದ ಬೆಳ್ಳಿ ಎಳೆ ಬಿಚ್ಚುತ್ತಿದ್ದ.

"ಯಾಕೆ ಬಿಚ್ತಿದ್ದೀರಿ? ಡಾಕ್ಟರು ಒಪ್ಪಿದ್ರು. ಇನ್ನೂ ಹನ್ನೆರಡು ಪಟ್ಟಿ ಬೇಕು!"

ಅವನ ಮುಖ ಅರಳಿ, ತಕ್ಷಣ ಬಾಡಿತು. "ಬೇರೆ ನೇಕಾರನ್ನ ನೋಡ್ಕೊಳ್ಳಿ. ನನ್ನಿಂದ ನಿಮ್ಮ ಮಾನ ಹೋಗ್ತಿತ್ತು."

"ಬೇರೆ ಪಟ್ಟಿ ನೋಡದೇನೇ ಬೈದೆ. ನನ್ನ ತಪ್ಪು, ಕ್ಷಮಿಸಿ. ಆದ್ರೆ ದೃಷ್ಟಿ ಯಾರಿಗೆ ತಾಗ್ಬಾರ್ದು ಅಂತ ಕೇಳಿದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದು ಯಾಕೆ?"

"ನೀವು ಓದಿದವರು... ನಕ್ಕುಬಿಡ್ತೀರಾ ಅಂತ."

"ಈಗ ಕೇಳ್ತಿದ್ದೀನಿ. ಯಾರಿಗೆ?"

"ನಿನಗೆ!" ಅವನು ಕೈಯಲ್ಲಿದ್ದ ಎಳೆ ಕೆಳಗಿಟ್ಟ. "ನೀನಂದ್ರೆ ನನಗೆ ಜೀವ, ದುರ್ರಾ."

ಅವಳ ಕಣ್ಣು ತುಂಬಿ ಬಂತು. ಬೆಳಗಿನಿಂದ ಕುದಿಯುತ್ತಿದ್ದ ಎದೆ ಈಗ ತಣ್ಣಗಾಯಿತು.

"ಹಾಗಾದ್ರೆ ಶುಕ್ರವಾರ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬಾ. ಮಧ್ಯಾಹ್ನದ ಊಟಕ್ಕೆ."

"ಬೆಳಿಗ್ಗೇನೇ ಬರ್ಲಾ?"

"ಯಾಕಪ್ಪ ಅಷ್ಟು ಅವಸರ?"

"ಏಳು ತಿಂಗಳು ಕಾದಿದ್ದೀನಿ. ಇನ್ನೂ ಮಧ್ಯಾಹ್ನದವರೆಗೆ ಕಾಯ್ಬೇಕಾ?"