ಎಪಾಕ್ಸಿ ನೆಲ ಒಣಗುವ ಮುನ್ನ

ಶಟರ್‌ಗೆ ಬೀಗ ಬಿದ್ದಿದ್ದು ನೋಡಿ ಶಾಲಿನಿಗೆ ಮೊದಲು ಬಂದದ್ದು ಕೋಪ. ಭಯ ಬಂದದ್ದು ಆಮೇಲೆ.

ಜೆ.ಪಿ. ನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಶನಿವಾರದ ಅರ್ಧ ದಿನ ಡ್ಯೂಟಿ ಮುಗಿಸಿ, ಅರೆಕೆರೆಯಲ್ಲಿ ಬಸ್ಸಿಳಿದು, ನಗು ತಡೆದುಕೊಳ್ಳುತ್ತಲೇ ನಡೆದು ಬಂದಿದ್ದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಸಂಗಮೇಶನ ಚಪ್ಪಲಿಗಳಿದ್ದವು. ಬೆಳಿಗ್ಗೆ ಹೊರಡುವಾಗ ಶಟರ್ ಮುಂದೆ ಬಿಟ್ಟಿದ್ದ ಜೋಡಿಯನ್ನು ಎತ್ತಿಕೊಂಡು ಹೋದವಳು ಅವಳೇ. ಯಾಕೆ ಎಂದು ಕೇಳಿದರೆ ಕೀಟಲೆಗೆ ಎನ್ನುತ್ತಿದ್ದಳು.

ಈಗ ನೋಡಿದರೆ ಆಸಾಮಿ ಬರಿಗಾಲಲ್ಲೇ ಹೊರಟುಹೋಗಿದ್ದಾನೆ. ಒಂದು ಮಾತು ಕೇಳಲಿಲ್ಲ, ಕಾಯಲೂ ಇಲ್ಲ. ಇಷ್ಟು ದಿನ ಕದ್ದು ನೋಡಿದ್ದೆಲ್ಲ ಇವನಿಗೆ ಟೈಂ ಪಾಸಾ ಎಂದು ಅವಳ ಮೈ ಉರಿಯಿತು. ಬೈಯಲೇಬೇಕೆಂದು ಮೊಬೈಲ್ ತೆಗೆದು ಅವನ ನಂಬರ್ ಒತ್ತಿದಳು.

ಶಟರ್ ಒಳಗಡೆ ಫೋನು ರಿಂಗಾಯಿತು.

ಅದು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಆ ಹಾಲ್ ಅವಳ ಅಪ್ಪ ಚಿಕ್ಕಬೈರಪ್ಪನವರದು. ಅರೆಕೆರೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಅವರ ಮನೆಯ ಕಣವಿತ್ತು. ಸಗಣಿ ಸಾರಿಸಿ ರಾಗಿ ಬಡಿಯುತ್ತಿದ್ದರು. ಈಗ ಅದೇ ಜಾಗದಲ್ಲಿ ಬಿಲ್ಡಿಂಗ್ ಎದ್ದು, ನೆಲಮಹಡಿ ಬೈಕ್ ಶೋರೂಮಿಗೆ ಬಾಡಿಗೆಗೆ ಗೊತ್ತಾಗಿತ್ತು. ಶೋರೂಮಿನವರು ಬಣ್ಣದ ಹಾಗೆ ಸುರಿದು ಒಣಗಿಸುವ, ಹೊಳೆಯುವ ಎಪಾಕ್ಸಿ ನೆಲವೇ ಬೇಕೆಂದರು. ಅಪ್ಪ ಒಪ್ಪಿದರು, ಒಂದು ಕರಾರಿನ ಮೇಲೆ. ಕಣ ಕಣವೇ, ಚಪ್ಪಲಿ ಮೆಟ್ಟಿ ಯಾರೂ ಒಳಗೆ ಕಾಲಿಡುವಂತಿಲ್ಲ. ಹಾಗಾಗಿ ಹೊರಗೆ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂದರ್ಥ, ಇಲ್ಲದಿದ್ದರೆ ಇಲ್ಲ. ಮನೆಯವರೆಲ್ಲ ಲೆಕ್ಕ ಹಿಡಿಯುತ್ತಿದ್ದುದು ಹಾಗೆಯೇ.

ಸಂಗಮೇಶ ಬಾಗಲಕೋಟೆ ಕಡೆಯವನು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಈ ಕೋಟಿಂಗ್ ಕೆಲಸ ಮಾಡುತ್ತಿದ್ದ. ಮೊದಲ ದಿನ ಶಾಲಿನಿ ಇಣುಕಿದಾಗ ಅಡಿಭಾಗಕ್ಕೆಲ್ಲ ಮೊಳೆಯಿದ್ದ ಶೂ ಹಾಕಿಕೊಂಡು, ಹಸಿ ಎಪಾಕ್ಸಿಯ ಮೇಲೆ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ಮೇಡಂ. ಈ ಮೊಳಿ ಹೋದ ಜಾಗಾ ತಾನಾ ಕೂಡ್ಕೋತೈತಿ. ನಿಮ್ಮ ಕಾಲು ಬಿದ್ರ ಕೂಡೂದಿಲ್ಲ, ಕಾಯಂ ಉಳೀತೈತಿ" ಎಂದಿದ್ದ.

ಉಳಿದದ್ದು ಆ ಮಾತು. ಆಮೇಲೆ ಕಾಫಿ ಕೊಡುವ ನೆಪ, ಬಣ್ಣ ನೋಡುವ ನೆಪ. ನೀಲಿಯಲ್ಲಿ ಬೆಳ್ಳಿ ಬಣ್ಣ ಕದಡಿದ ಡಿಸೈನು ಆರಿಸಿದ್ದು ಅವಳೇ. ಅದು ಹರಡಿಕೊಂಡಾಗ ಅವಳ ಅಜ್ಜಿ ಅಕ್ಕಯಮ್ಮ ನೀರೆಂದು ತಿಳಿದು ಸೀರೆ ಎತ್ತಿ ಹಿಡಿದಿದ್ದರು. ಸಂಗಮೇಶನ ಫೋನಿನಲ್ಲಿ ಯಾವತ್ತೂ ಕರೆನ್ಸಿ ಇರುತ್ತಿರಲಿಲ್ಲ. ಮಿಸ್ಡ್ ಕಾಲ್ ಕೊಡುತ್ತಿದ್ದ, ಅವಳೂ ಒಂದು ಕೊಡುತ್ತಿದ್ದಳು. ಅಷ್ಟರಲ್ಲೇ ಇಬ್ಬರ ಹೊಟ್ಟೆ ತುಂಬುತ್ತಿತ್ತು.

ಇವತ್ತೂ ಕ್ಲಿನಿಕ್ಕಿನಲ್ಲಿದ್ದಾಗ ಮಿಸ್ಡ್ ಕಾಲ್ ಬಂದಿತ್ತು, ಒಂದರ ಹಿಂದೆ ಒಂದು. ಚಪ್ಪಲಿಗಾಗಿ ಗೋಗರೆಯುತ್ತಿದ್ದಾನೆ, ಸ್ವಲ್ಪ ಒದ್ದಾಡಲಿ ಎಂದು ನಕ್ಕು ಫೋನನ್ನು ಸೈಲೆಂಟಿಗೆ ಹಾಕಿ ಬ್ಯಾಗಿನೊಳಗೆ ತಳ್ಳಿದ್ದಳು.

ಆ ಕರೆಗಳು ಚಪ್ಪಲಿಗಾಗಿ ಅಲ್ಲ ಎಂದು ಈಗ ಹೊಳೆಯಿತು. ಹಸಿಯಾಗಿದ್ದ ಕೊನೆಯ ಕೋಟಿನ ಮೇಲೆ ಧೂಳು ಕೂರದಿರಲೆಂದು ಅಪ್ಪ ಶಟರ್ ಬುಡಕ್ಕೆ ಒದ್ದೆ ಗೋಣಿ ತುರುಕಿದ್ದರು. ಅದನ್ನು ಎಳೆದು ಬಿಸಾಕಿದಳು. ಥಿನ್ನರ್ ವಾಸನೆ ಮೂಗಿಗೆ ಹೊಡೆಯಿತು. ಮೇಲಿನ ವೆಂಟಿಲೇಟರುಗಳಿಗೂ ಪ್ಲಾಸ್ಟಿಕ್ ಬಡಿದಿತ್ತು. ಒಳಗಿನ ಗಾಳಿಗೆ ಎಕ್ಸಾಸ್ಟ್ ಫ್ಯಾನ್ ಒಂದೇ ಗತಿ, ಅದೂ ನಿಂತಿತ್ತು. ಪಕ್ಕದ ಬೇಕರಿಯಲ್ಲಿ ಜನರೇಟರ್ ಗುಡುಗುಡು ಎನ್ನುತ್ತಿತ್ತು, ಒಳಗಿನಿಂದ ಕೂಗಿದ್ದರೂ ರಸ್ತೆಯವರಿಗೆ ಕೇಳುವಂತಿರಲಿಲ್ಲ. ಕರೆಂಟ್ ಹೋಗಿ ಎಷ್ಟು ಹೊತ್ತಾಯಿತೋ ದೇವರೇ ಬಲ್ಲ.

"ಸಂಗಮೇಶ್" ಎಂದು ಶಟರ್ ಬಡಿದಳು. "ರೀ, ಇದೀರಾ ಒಳಗೆ?"

ಶಟರಿಗೆ ಕಿವಿಯೊತ್ತಿ ಆಲಿಸಿದಳು. ಅಪ್ಪನ ನಂಬರಿಗೆ ಹೊಡೆದಳು, ಎತ್ತಲಿಲ್ಲ. ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಸುಬ್ರಹ್ಮಣ್ಯಪುರಕ್ಕೆ ಹೋಗಿದ್ದರು, ಇವಳಿಗೇ ಗಂಡು ಗೊತ್ತು ಮಾಡಲು.

ಉಳಿದದ್ದು ಹಿತ್ತಿಲ ಬಾಗಿಲು. ಅದರ ಕೀಲಿ ಅಜ್ಜಿಯ ಸೊಂಟದಲ್ಲಿ. ಅಜ್ಜಿಯನ್ನು ಕೇಳಿದರೆ, ಒಳಗೆ ಅವನಿದ್ದಾನೆಂದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಒಂದು ಪ್ರಶ್ನೆಗೆ ಹೆದರಿಯೇ ಅವಳು ಇಷ್ಟು ದಿನ ಉಸಿರು ಬಿಗಿಹಿಡಿದು ಬದುಕಿದ್ದಳು. ಕೆಲಸಕ್ಕೆ ಬಂದವರ ಹತ್ತಿರ ಏನು ಮಾತು ಎಂದು ಅಪ್ಪ ಒಮ್ಮೆ ಗದರಿದ್ದಕ್ಕೇ ಅವಳಿಗೆ ಎರಡು ದಿನ ಅನ್ನ ಸೇರಿರಲಿಲ್ಲ. ಆದರೂ ಕಾಲುಗಳು ಆಗಲೇ ಹಿತ್ತಿಲ ಕಡೆ ಓಡುತ್ತಿದ್ದವು.

ಕಿವಿ ಮಂದವಾದ ಅಜ್ಜಿ ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಶಾಲಿನಿ ಅಲುಗಾಡಿಸಿ ಎಬ್ಬಿಸಿದಳು.

"ಅಜ್ಜಿ, ಹಿತ್ಲು ಬಾಗ್ಲು ಕೀ ಕೊಡು."

"ತೆಗೀಬಾರ್ದು ಅಂದವ್ನೆ ಕಣೆ ನಿಮ್ಮಪ್ಪ. ಹಸಿ ನೆಲಕ್ಕೆ ದೃಷ್ಟಿ ಆಯ್ತದೆ."

"ಒಳಗೆ ಸಂಗಮೇಶ್ ಇದಾರೆ ಅಜ್ಜಿ."

"ಅವ್ನೆಲ್ಲವ್ನೆ? ಅರ್ಧ ಎಳ್ದಿದ್ದ ಶಟರ್ ಮುಂದೆ ಚಪ್ಲಿ ಇಲ್ಲ ಅಂತ ನೋಡ್ಕೊಂಡೇ, ಒಳಕ್ಕೆ ಬಗ್ಗಿ ನೋಡ್ದೆ ಬೀಗ ಹಾಕ್ದ ನಿಮ್ಮಪ್ಪ."

"ಚಪ್ಲಿ ನನ್ ಹತ್ರ ಇದೆ."

ಅಜ್ಜಿ ಒಮ್ಮೆ ಕವರನ್ನು ನೋಡಿದರು, ಒಮ್ಮೆ ಮೊಮ್ಮಗಳ ಮುಖ ನೋಡಿದರು. ಸೊಂಟದ ಗೊಂಚಲು ಬಿಚ್ಚಿ ಅವಳ ಕೈಯಲ್ಲಿಟ್ಟರು.

ಬಾಗಿಲು ತೆರೆದ ಕೂಡಲೇ ಕಣ್ಣು ಉರಿದು ನೀರು ಬಂತು. ಉದ್ದಕ್ಕೂ ನೀಲಿ ನೆಲ ಹೊಳೆಯುತ್ತಿತ್ತು, ಒಂದು ಕಲೆಯಿಲ್ಲ. ಆ ತುದಿಯಲ್ಲಿ, ಶಟರಿನ ಬುಡಕ್ಕೆ ಮುಖ ಒತ್ತಿಕೊಂಡು ಅವನು ಬಿದ್ದಿದ್ದ.

ದುಪಟ್ಟಾವನ್ನು ಮೂಗಿಗೆ ಸುತ್ತಿಕೊಂಡು ಅವಳು ಕಾಲಿಟ್ಟಳು. ಅಂಗಾಲು ಗೋಂದಿನಲ್ಲಿ ಸಿಕ್ಕಂತೆ ಹಿಡಿದುಕೊಂಡಿತು. ಒಂದೊಂದು ಹೆಜ್ಜೆಯನ್ನೂ ಕಿತ್ತು ಕಿತ್ತು ಇಡಬೇಕಿತ್ತು. ಸತ್ತಿದ್ದಾನೆ, ನಾನೇ ಕೊಂದೆ ಎಂದು ತಲೆಯೊಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. ಅವಳು ಮನೆದೇವರನ್ನು ಕರೆದಳು, ಆ ಕ್ಷಣಕ್ಕೆ ದೇವರ ಹೆಸರೂ ನೆನಪಾಗಲಿಲ್ಲ.

ಹತ್ತಿರ ಹೋದಾಗ ಅವನ ಕೈ ಅಲುಗಿತು.

"ಬರಬ್ಯಾಡ್ರಿ" ಎಂದ, ಕುಡಿದವನ ದನಿಯಲ್ಲಿ. "ನೆಲ ಹಸಿ ಐತಿ. ಹಾಳಾಗತೈತಿ."

ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. "ಹಾಳಾಗಿ ಹೋಗ್ಲಿ ನಿನ್ ನೆಲ. ಏಳು. ಏಳು ಸಂಗಮೇಶ, ನಿನ್ ಕಾಲಿಗೆ ಬೀಳ್ತೀನಿ" ಎಂದಳು.

ಅವನಿಂದ ಏಳಲಾಗಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಳೆದಳು. ಅವನ ಮೊಳೆ ಶೂಗಳು ಹಿಂದೆ ಗೀರಿಕೊಂಡು ಬಂದವು. ನಡುವೆ ಅವಳಿಗೂ ತಲೆ ಸುತ್ತಿತು. ಅಷ್ಟರಲ್ಲಿ ಅಜ್ಜಿಯ ಕೂಗಿಗೆ ಬೇಕರಿಯ ಯಲ್ಲಯ್ಯ ಕಾಂಪೌಂಡ್ ಹಾರಿ ಬಂದು, ಅವನನ್ನು ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ತಂದು ಮಲಗಿಸಿದ.

ಎದುರು ರಸ್ತೆಯ ಡಾಕ್ಟರು ಬಂದು ನೋಡಿದರು. ಹೊರಗೆ ತಂದದ್ದು ಒಳ್ಳೆಯದಾಯಿತು, ಗಾಳಿಯಲ್ಲೇ ಇರಲಿ, ತಲೆನೋವು ಬಿಡದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಇನ್ನೂ ಸ್ವಲ್ಪ ಹೊತ್ತು ಹೋಗಿದ್ದರೆ ಎಂದು ಶುರು ಮಾಡಿದವರು, ಶಾಲಿನಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅವಳು ಕಂಬಕ್ಕೊರಗಿ ಕೂತಿದ್ದಳು.

ಚಿಕ್ಕಬೈರಪ್ಪ ಬಂದಾಗ ಕೈಯಲ್ಲಿ ಹಣ್ಣು, ತಾಂಬೂಲದ ಕವರಿತ್ತು. ಯಲ್ಲಯ್ಯ ವಿಷಯ ಹೇಳಿದ. ಅವರು ನೇರ ಹಾಲ್‌ನ ಬಾಗಿಲಿಗೆ ಹೋಗಿ ನಿಂತರು. ನೆಲದ ನಡುವೆ ಮಗಳ ಬರಿಗಾಲಿನ ಗುರುತು ಶಟರಿನ ತನಕ ಮೂಡಿತ್ತು, ಪಕ್ಕದಲ್ಲಿ ಎಳೆದ ಗೀರುಗಳು ವಾಪಸ್ ಬಂದಿದ್ದವು.

ತಿರುಗಿ ಬಂದವರು ಮೆಟ್ಟಿಲ ಮೇಲೆ ಕುಸಿದು ಕೂತರು. ಅಪ್ಪ ಹಾಗೆ ಕೂತದ್ದನ್ನು ಶಾಲಿನಿ ಯಾವತ್ತೂ ನೋಡಿರಲಿಲ್ಲ.

"ಚಪ್ಲಿ ಇರ್ಲಿಲ್ಲ. ನಾನು ನೋಡ್ದೆ. ಇದ್ದಿದ್ರೆ ನಾನು ಶಟರ್ ಎಳೀತಿದ್ನಾ?" ಯಾರನ್ನೂ ನೋಡದೆ ಅದನ್ನೇ ಮತ್ತೆ ಮತ್ತೆ ಹೇಳಿದರು.

"ತಪ್ಪು ನಂದ್ರಿ ಯಜಮಾನ್ರ" ಎಂದ ಸಂಗಮೇಶ, ಮಲಗಿದ್ದಲ್ಲಿಂದಲೇ. "ಚಪ್ಪಲಿ ನಾನಾ ಒಳಗ ಇಟ್ಟಿದ್ದೆ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಜ್ಜಿಯೂ ಬಾಯಿ ಬಿಡುವವರಲ್ಲ. ಶಾಲಿನಿ ಕಂಬ ಬಿಟ್ಟು ಎದ್ದು ನಿಂತಳು. ಕತ್ತಲ ಹಾಲಿನೊಳಗೆ ಕಾಲಿಡುವಾಗಲೂ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ಸುಳ್ಳು ಅಪ್ಪ. ನಾನು ತಗೊಂಡು ಹೋಗಿದ್ದೆ."

"ಯಾಕೆ?"

"ಇವತ್ತು ಕೆಲಸ ಮುಗೀತಿತ್ತು." ಅವಳು ನೆಲ ನೋಡುತ್ತ ಹೇಳಿದಳು. "ಚಪ್ಲಿ ಕೇಳೋಕಾದ್ರೂ ನನ್ ಹತ್ರ ಬರ್ಲಿ ಅಂತ."

ಈಗ ಹೊಡೆಯುತ್ತಾರೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಅಪ್ಪ ಹೊಡೆಯಲಿಲ್ಲ. ಎದ್ದು ಹೋಗಿ ಸಂಗಮೇಶನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಊರಲ್ಲಿ ಯಾರಿದಾರೆ ನಿಂಗೆ?"

"ಅವ್ವ ಅದಾಳ್ರಿ."

"ಫೋನ್ ಮಾಡು. ಮಗ ಸಾಯೋ ಹಂಗಿದ್ದ ಅಂತ ಆ ತಾಯಿ ಇನ್ಯಾರ ಬಾಯಿಂದ್ಲೋ ಕೇಳ್ಬಾರ್ದು" ಎಂದು ತಮ್ಮ ಮೊಬೈಲನ್ನೇ ಅವನ ಕೈಗಿಟ್ಟರು.

ಸಂಗಮೇಶ ತಡವರಿಸುತ್ತ ನಂಬರ್ ಒತ್ತಿದ. ಆ ಕಡೆ ಅವನ ಅವ್ವ ಕೆಂಚವ್ವ ಎತ್ತಿದಳು. ದೂರದ ಊರಿಗೆ ಕೂಗಿ ಹೇಳಿ ಅಭ್ಯಾಸವಾಗಿದ್ದ ಅವಳ ದನಿ ಎಲ್ಲರಿಗೂ ಕೇಳಿಸಿತು. ಯಾರ ಫೋನೋ ಇದು, ಯಾಕೋ ದನಿ ಹಿಂಗೈತಿ, ಆರಾಮಿಲ್ಲೇನೋ?

"ಆರಾಮದೀನವ್ವ. ಕೆಲಸದಾಗ ಸ್ವಲ್ಪ ಚಕ್ಕರ್ ಬಂದಿತ್ತು, ಎತ್ತಿ ಹೊರಗ ತಂದಾರ."

ಯಾರು ತಂದರೋ, ಅವರ ಹೊಟ್ಟೆ ತಣ್ಣಗಿರಲಿ ಎಂದಿತು ಆ ದನಿ.

ಅವನು ಒಮ್ಮೆ ಚಿಕ್ಕಬೈರಪ್ಪನವರ ಮುಖ ನೋಡಿದ. ಶಾಲಿನಿ ಬೇಡ ಎಂಬಂತೆ ತಲೆಯಾಡಿಸಿದಳು. ಅವನು ಮೊಣಕೈ ಊರಿ ಅರ್ಧ ಎದ್ದು ಕೂತ.

"ಒಬ್ಬಾಕಿ ಅದಾಳವ್ವ" ಎಂದ. "ಶಾಲಿನಿ ಅಂತ. ನನಗ ಭಾಳ ದಿನದಿಂದ ಹೇಳ್ಬೇಕಂತಿತ್ತು, ಅಂಜಿಕಿ ಆಗಿತ್ತು. ಆಕಿ ಇಲ್ಲದ ನಾ ಇರೂದಿಲ್ಲವ್ವ. ಆಕಿ ಅಪ್ಪಾರು ಇಲ್ಲೇ ಕುಂತಾರ, ಎಲ್ಲಾ ಕೇಳಾಕತ್ತಾರ."

ಹಿರಿಯರ ಕೈಗೆ ಕೊಡಪಾ ಫೋನು, ನಾ ಮಾತಾಡ್ತೀನಿ ಎಂದಳು ಕೆಂಚವ್ವ.

ಚಿಕ್ಕಬೈರಪ್ಪ ಫೋನು ತೆಗೆದುಕೊಂಡರು. ಕಟ್ ಮಾಡಿಬಿಡುತ್ತಾರೆ ಎಂದುಕೊಂಡಳು ಶಾಲಿನಿ. ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಅದನ್ನು ಕಿವಿಗೆ ಹಿಡಿದರು.

"ಹೇಳಮ್ಮ" ಎಂದರು.