ತಟ್ಟೆ ತುಂಬ ಬೆಳೆದದ್ದು

ಮಹದೇವು ಕೊಟ್ಟ ಬೆಲ್ಲದ ಅಚ್ಚನ್ನು ನಯನ ಬಾಯಿಗೆ ಹಾಕಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಚಿನ್ನದ ಬಣ್ಣ.

“ಇದಕ್ಕೆ ಆ ಪುಡಿ ಹಾಕಿದ್ದೀರಾ?”

“ಊಂ. ನೀವೇ ಫೋನಲ್ಲಿ ಏಳುದ್ರಲ್ಲ ಮೇಡಂ, ತಟ್ಟೆ ತುಂಬ ಬೆಳ್ದದೆ ಅಂತ. ಅದ್ಕೇ ಅವ್ವನ್ಗೊಂದು, ನಿಮ್ಗೊಂದು.”

ಅಚ್ಚು ಅವಳ ಕೈಯಿಂದ ಕಸದ ಬುಟ್ಟಿಗೆ ಬಿತ್ತು. ಮಹದೇವುವಿನ ಮುಖ ಕಪ್ಪಿಟ್ಟಿತು.

ಅವರಿಬ್ಬರೂ ಮುಖ ನೋಡಿಕೊಂಡದ್ದು ಅಂದೇ ಮೊದಲು. ಬಂಡೂರಿನಲ್ಲಿ ಆಲೆಮನೆ ನಡೆಸುವ ಮಹದೇವು, ಬೆಲ್ಲಕ್ಕೆ ಬಣ್ಣ ಬರಿಸುವ ಪುಡಿಯ ಪೊಟ್ಟಣವನ್ನು ನಯನ ಕೆಲಸ ಮಾಡುವ ಮಂಡ್ಯದ ಈ ಲ್ಯಾಬಿಗೆ ಪರೀಕ್ಷೆಗೆಂದು ಕಳಿಸಿದ್ದ. ಫೋನಿನಲ್ಲಿ ಪುಡಿಯಿಂದ ಶುರುವಾದ ಮಾತು ‘ಊಟ ಆಯ್ತಾ’ ಎನ್ನುವವರೆಗೆ ಬಂದಿತ್ತು. ನೋಡಬೇಕೆಂದು ತಾನು ಕಾದಿದ್ದ ಆ ಮುಖವನ್ನೇ ಅವಳು ನೋಯಿಸಿದ್ದಳು...

“ಬನ್ನಿ” ಎಂದು ಪರೀಕ್ಷೆಯ ಗಾಜಿನ ತಟ್ಟೆ ತೋರಿಸಿದಳು. ಒತ್ತಾಗಿ ಹುಟ್ಟಿದ ಪೈರಿನಂತೆ ಬಿಳಿ ಚುಕ್ಕೆಗಳು.

“ಇವು ಬ್ಯಾಕ್ಟೀರಿಯಾ. ಈ ತಟ್ಟೇಲಿ ಬೆಳೆಯೋಕಾಗದ ಹಾಗೆ ಮಾಡಿರ್ತೀವಿ. ವಂಶವಾಹಿಗೆ ಪೆಟ್ಟು ಬಿದ್ದರೆ ಮಾತ್ರ ಬೆಳೆಯೋದು. ಮೊದಲು ನಿಮ್ಮ ಪುಡಿ ಏನೂ ಮಾಡಲಿಲ್ಲ. ಆದರೆ ಕೆಲವು ಪುಡಿ ನಮ್ಮ ಲಿವರಿಗೆ ಹೋದ ಮೇಲೆ ವಿಷ ಆಗುತ್ತೆ. ಅದಕ್ಕೇ ಲಿವರಿನ ಕಿಣ್ವ ಈ ಬ್ಯಾಕ್ಟೀರಿಯಾದ ಒಳಗೇ ತಯಾರಾಗೋ ಹಾಗೆ ಮಾಡಿದೆ. ಆಗ ಬೆಳೆದವು.”

“ಬೆಳೆದ್ರೆ... ಕೆಟ್ದಾ?”

“ಹೌದು. ಬೆಳೆದರೆ ಒಳ್ಳೇದು ಅನ್ನೋ ರೈತರಿಗೆ ಆ ಮಾತನ್ನ ಹಾಗೆ ಹೇಳಬಾರದಿತ್ತು. ತಪ್ಪು ನನ್ನದು.”

“ನಮ್ಮವ್ವ ಎಂಟು ದಿನದಿಂದ ತಿಂತಾವ್ಳೆ” ಎಂದವನು ಹೊರಟುಹೋದ. ಆಮೇಲೆ ಫೋನು ಎತ್ತಲಿಲ್ಲ.

ತಾಯಿ ಇಲ್ಲದ ಮನೆ ಎಂಥದೆಂದು ನಯನಳಿಗೆ ಗೊತ್ತಿತ್ತು. ಭಾನುವಾರ ಗುತ್ತಲಿನ ತನ್ನ ಮನೆಯಲ್ಲಿ ದೇವರಿಗೆ ದೀಪ ಹಚ್ಚಿ, ಬಂಡೂರಿಗೆ ಹೋಗಲು ಮಳವಳ್ಳಿಯ ಬಸ್ಸು ಹತ್ತಿದಳು. ‘ಅವರಿಗೆ ಏನಾದರೂ ಆಗಿದ್ದರೆ ಯಾವ ಮುಖ ಹೊತ್ತು ನಿಲ್ಲಲಿ, ತಂದೆ...’

ಆಲೆಮನೆಯ ಬಾಗಿಲಲ್ಲೇ ಮಹದೇವುವಿನ ತಾಯಿ ಹೊಂಬಾಳಮ್ಮ ಕುಳಿತಿದ್ದರು.

“ನೀನೇನಾ ಅಚ್ಚು ಬಿಸಾಕ್ದೋಳು?”

“ಹೂಂ ಅವ್ವ. ನನ್ನ ಮಾತಿಂದ ನೀವು...”

“ಡಾಕ್ಟ್ರು ನೋಡವ್ರೆ, ಏನೂ ಇಲ್ಲ ಅಂದವ್ರೆ, ಬುಡು. ಇವ್ನು ಆ ಬೆಲ್ಲಾನೆಲ್ಲ ಗುಂಡಿಗಾಕಿ, ಬೆಂಡೆಗಿಡದ ರಸ ಬುಟ್ಟು ಕಬ್ಬಿನಾಲು ತಿಳಿ ಮಾಡ್ತಾವ್ನೆ. ಬೆಲ್ಲಾನೂ ಕಪ್ಗದೆ, ಮೂತೀನೂ ಕಪ್ಗದೆ. ಒಳಿಕ್ಕೋಗು ಕಣಮ್ಮ.”

ಕೊಪ್ಪರಿಗೆಯ ಹಬೆಯಾಚೆ ಅವನು ತಲೆ ತಗ್ಗಿಸಿ ನಿಂತಿದ್ದ.

“ನನ್ನ ಮೇಲೆ ಅಷ್ಟು ಕೋಪಾನಾ?”

“ಕೋಪ ಅಲ್ಲ, ನಾಚ್ಕೆ. ರಿಪೋರ್ಟು ಕೈಗೆ ಬರೋ ಮುಂಚೆ ಒಲೆ ಅಚ್ಚಿ ಆ ಪುಡಿ ಆಕ್ದೋನು ನಾನು.”

“ಅದನ್ನ ಫೋನಲ್ಲೇ ಹೇಳಬಹುದಿತ್ತು.”

“ಏಳಿದ್ರೆ ನೀವು ಬತ್ತಿದ್ರಾ?”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಅವನು ಕೊಟ್ಟ ಕಪ್ಪು ಬೆಲ್ಲದ ಚೂರನ್ನು ನೇರ ಬಾಯಿಗಿಟ್ಟಳು.

“ಪರೀಕ್ಸೆ ಮಾಡ್ದೇನೇ?”

“ಇದಕ್ಕೆ ಬೇಡ.”

ಮಹದೇವು ಕೊಪ್ಪರಿಗೆಯನ್ನು ಒಮ್ಮೆ ಕದಡಿದ. “ನಿಮ್ ಲ್ಯಾಬಲ್ಲಿ ಬೆಳೆದ್ರೆ ಕೆಟ್ದು. ಇಲ್ಲಿ ಎದೆಯೊಳ್ಗೆ ಒಂದು ಬೆಳ್ದದೆ... ಅದು?”

“ನನ್ನಲ್ಲೂ ಬೆಳೆದಿದೆ” ಎಂದಳು ನಯನ ಮೆಲ್ಲಗೆ. “ಬೆಳೆದರೆ ಒಳ್ಳೇದು ಅಂತ ನೀವು ತಿಳ್ಕೊಂಡಿದ್ದೇ ಈ ಸಲ ಸರಿ.”